ಹೂಂಗುಟ್ಟುವ ಮಂಚ

ವಡಪಳನಿಯಲ್ಲಿ ನಮ್ಮ ಹೋಟೆಲಿನ ಹಿಂದೆಯೇ ಮನೆ. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ನನ್ನ ಹೆಂಡತಿ ಮಾಲಿನಿ, ಕಣ್ಣು ಕಾಣದ ನನ್ನ ಅಮ್ಮನಿಗೆ ಕಾದಂಬರಿ ಓದಿ ಹೇಳುತ್ತಿದ್ದಳು. ಹಳೆಯ ಅರಸರು, ಮಾಂತ್ರಿಕರು, ದಪ್ಪ ದಪ್ಪ ಐದು ಸಂಪುಟ. ಅದು ಮುಗಿಯುವುದೇ ಬೇಡವೆಂದು ಅಮ್ಮನ ಆಸೆ. ಮಂಚದ ಮೇಲೆ ಮಲಗಿ ಸಾಲು ಸಾಲಿಗೂ ಹೂಂಗುಟ್ಟುತ್ತಿದ್ದರು. ಕೊನೆಯ ಸಂಪುಟ ಬಾಕಿ ಇರುವಾಗಲೇ ತೀರಿಕೊಂಡರು.

ವೈಕುಂಠ ಸಮಾರಾಧನೆಯ ಮರುದಿನ ಮಧ್ಯಾಹ್ನ ನಮ್ಮ ಮಗಳು ವೀಕ್ಷಾ ಅದೇ ಮಂಚದಲ್ಲಿ ನಿದ್ದೆಹೋಗಿದ್ದಳು. ಮುಂದೇನಾಯಿತೆಂಬ ಕುತೂಹಲ ತಡೆಯದೆ ಮಾಲಿನಿ ಪಕ್ಕದಲ್ಲೇ ಕೂತು ಉಳಿದ ಸಂಪುಟವನ್ನು ಮೆಲ್ಲಗೆ ಓದತೊಡಗಿದಳು. ಮಗು ನಿದ್ದೆಯಲ್ಲೇ "ಹೂಂ" ಎಂದಿತು. ಓದು ನಿಂತರೆ ಮಗುವಿನ ಉಸಿರೂ ನಿಲ್ಲುತ್ತಿತ್ತು.

ಮಾಲಿನಿ ಕರೆದು ಹೇಳಿದಾಗ ನಾನು ನಂಬಲಿಲ್ಲ, ಪುಸ್ತಕ ಕಿತ್ತುಕೊಂಡೆ.

"ಕೊಡಿ ಮಾರಾಯ್ರೆ, ತುಟಿ ನೋಡಿ ಅವಳದ್ದು!" ಎಂದು ಮಾಲಿನಿ ಕಿರುಚಿದಳು. ತುಟಿ ನೇರಳೆಯಾಗಿತ್ತು. ಆಸ್ಪತ್ರೆಗೆ ಓಡೋಣವೆಂದು ಎತ್ತಲು ಹೋದರೆ ಆ ಸಣಕಲು ಮೈ ರುಬ್ಬುವ ಕಲ್ಲಿನಷ್ಟು ಭಾರ, ಅಷ್ಟೇ ತಣ್ಣಗೆ.

ಪುಸ್ತಕ ವಾಪಸು ಕೊಟ್ಟೆ; ಅವಳು ಓದತೊಡಗಿದಂತೆ ಮಗುವಿಗೆ ಉಸಿರು ಬಂತು. ಕೊನೆಗೆ ಆ ಸಂಪುಟವೂ ಮುಗಿಯಿತು. ಮಾಲಿನಿ ಮೊದಲ ಸಂಪುಟವನ್ನೇ ಮತ್ತೆ ತೆರೆದಳು.

ತಮಿಳು ಬಿಟ್ಟು ಬೇರೆ ಮಾತಾಡದ ನನ್ನ ಮಗಳು ಕಣ್ಣು ಮುಚ್ಚಿಕೊಂಡೇ ತೀರಿಹೋದ ನನ್ನ ಅಮ್ಮನ ಕನ್ನಡದಲ್ಲಿ, "ಇದು ಓದಿ ಆಗಿದೆಯಲ್ಲ ಮಾರಾಯ್ತಿ, ಮುಂದಿನದ್ದು ಹೇಳು" ಎಂದಳು.

ಆಗಿನಿಂದ ಮಾಲಿನಿ ತಾನೇ ಕಥೆ ಕಟ್ಟಿ ಹೇಳುತ್ತಿದ್ದಾಳೆ. ನಾನು ಹೇಳಲು ಕೂತರೆ ಹೂಂ ಬರುವುದಿಲ್ಲ. ಇವತ್ತು ಬೆಳಿಗ್ಗೆಯಿಂದ ಮಾಲಿನಿಯ ಗಂಟಲು ಕಟ್ಟುತ್ತ ಬಂದಿದೆ.