ಅತ್ತೆಯ ಮಗಳು ಗುಡ್ಡದ ಮೇಲೆ

"ಆ ಬಾಗಿಲು ಮೊದಲು ಮುಚ್ಚಿ!"

ಲಸಿಕೆಯ ಫ್ರಿಜ್ಜಿನೊಳಗೆ ತಲೆ ತೂರಿಸಿ ನಿಂತಿದ್ದ ಅಪರಿಚಿತ ತಿರುಗಿ ನೋಡುವಷ್ಟರಲ್ಲಿ ಅವಳು ಬಾಗಿಲು ತಳ್ಳಿಯಾಗಿತ್ತು. ಅವನ ಹೆಬ್ಬೆರಳು ನಡುವೆ ಸಿಕ್ಕಿಕೊಂಡಿತು. ಅವನು ಕೂಗಲಿಲ್ಲ. ಕಣ್ಣಲ್ಲಿ ಮಾತ್ರ ನೀರು ತುಂಬಿ ಬಂತು.

ಬೆಟ್ಟದ ಬುಡದ ಆ ಸಣ್ಣ ಆಸ್ಪತ್ರೆಯಲ್ಲಿ ಅವಳು ನರ್ಸ್. ಕಾರಣವಿಲ್ಲದೆ ಫ್ರಿಜ್ಜಿನ ಬಾಗಿಲು ತೆರೆದರೆ ಡಾಕ್ಟರಮ್ಮನನ್ನೂ ಬಿಡುವವಳಲ್ಲ.

"ತಣ್ಣಗಿದೆಯೋ ಇಲ್ಲವೋ ಅಳೆಯೋ ತಂತಿ ಮೊದಲು ಇಲ್ಲಿಟ್ಟು ನೋಡ್ತಿದ್ದೆ," ಎಂದ ಅವನು, ಬೆರಳನ್ನು ಬಾಯಲ್ಲಿಟ್ಟುಕೊಂಡು. "ನೀವೇ ಹಟ ಹಿಡಿದು ಕರೆಸಿದ್ದಂತೆ, ಸಿಸ್ಟರ್."

ಅಯ್ಯೋ... ಕರೆಸಿದ್ದು ಇವನನ್ನೇನಾ?

ಅವಳು ತಲೆ ತಗ್ಗಿಸಿಕೊಂಡು ಬೆರಳಿಗೆ ಪಟ್ಟಿ ಕಟ್ಟಿದಳು.

ಹಟ ಹಿಡಿದದ್ದು ನಿಜ. ಬೆಟ್ಟದ ಮೇಲೆ ಮೂರು ಉಪಕೇಂದ್ರಗಳಿದ್ದವು, ಒಂದೊಂದರಲ್ಲೂ ಲಸಿಕೆಯ ಫ್ರಿಜ್. ಅಲ್ಲಿ ಕರೆಂಟ್ ಹೋದರೆ ಕೆಳಗೆ ಯಾರಿಗೂ ತಿಳಿಯುತ್ತಿರಲಿಲ್ಲ, ಫೋನಿನ ಸಿಗ್ನಲ್ಲೂ ಅಲ್ಲಿಗೆ ಹತ್ತುತ್ತಿರಲಿಲ್ಲ. ಎಲ್ಲಕ್ಕಿಂತ ದೂರದ ಕೇಂದ್ರದಲ್ಲಿ ಲಸಿಕೆ ಮತ್ತೆ ಮತ್ತೆ ಕೆಟ್ಟಿತ್ತು. ಫ್ರಿಜ್ಜು ಎಷ್ಟು ತಣ್ಣಗಿದೆ ಎಂಬುದು ಹಗಲಿರುಳೂ ಕೆಳಗೆ ತಿಳಿಯುವಂತಾಗಬೇಕು, ಇಲ್ಲದಿದ್ದರೆ ತಿಂಗಳ ಕೊನೆಗೆ ಮೂರು ಫ್ರಿಜ್ಜುಗಳನ್ನೂ ಕೆಳಗಿಳಿಸುತ್ತೇವೆ ಎಂದು ಮೇಲಧಿಕಾರಿಗಳು ಹೇಳಿಬಿಟ್ಟಿದ್ದರು. ಆಮೇಲೆ ಹಸುಗೂಸುಗಳನ್ನು ಎತ್ತಿಕೊಂಡು ತಾಯಂದಿರು ಅರ್ಧ ದಿನ ಇಳಿಯಬೇಕು, ಅರ್ಧ ದಿನ ಹತ್ತಬೇಕು. ಆ ಮಾತು ನೆನೆದಾಗಲೆಲ್ಲ ಅವಳ ಎದೆ ಕುದಿಯುತ್ತಿತ್ತು.

ಅದಕ್ಕೇ ಡಾಕ್ಟರಮ್ಮ ಈ ರೇಡಿಯೋ ಕೆಲಸದವನನ್ನು ಹುಡುಕಿ ಕರೆಸಿದ್ದರು. ಆಳು ಸಣ್ಣ. ಹೆಗಲ ಮೇಲೆ ಸದಾ ಒಂದು ಸುರುಳಿ ತಂತಿ. ಅವಳ ಅಮ್ಮ ನೋಡಿದ ದಿನವೇ "ತಂತಿ" ಎಂದು ಹೆಸರಿಟ್ಟಳು. ಆಸ್ಪತ್ರೆಗೆಲ್ಲ ಅದೇ ಹೆಸರಾಯಿತು.

"ಇದರಲ್ಲಿ ಹಾಡು ಬರಲ್ಲ, ಮಾತು ಬರಲ್ಲ," ಎಂದು ಅಂಗೈಯಗಲದ ರೇಡಿಯೋ ತೋರಿಸಿ ಅವನು ಅವಳಿಗೆ ವಿವರಿಸಿದ. "ಬರೋದು ಒಂದು ಅಂಕಿ ಅಷ್ಟೇ. ಆದ್ರೆ ಬಲು ದೂರದಿಂದ ಬರುತ್ತೆ."

ಬೇಕಾದ ಸಾಮಾನು ಬರುವಷ್ಟರಲ್ಲಿ ತಿಂಗಳೇ ಮುಗಿಯುತ್ತಿತ್ತು. ಹಾಗಾಗಿ ಸಿಕ್ಕಿದ್ದರಲ್ಲೇ ಕೈಚಳಕ. ಮುರಿದ ಕೊಡೆಯ ಕಡ್ಡಿ ಆಂಟೆನಾ ಆಯಿತು. ಸಲೈನ್ ಬಾಟಲಿ ತೂಗುಹಾಕುವ ಹಳೆಯ ಸ್ಟ್ಯಾಂಡ್ ಕಂಬವಾಯಿತು. ಅಂಗಳದ ಸೋಲಾರ್ ದೀಪದ ಹಲಗೆ ಬ್ಯಾಟರಿ ತುಂಬಿಸಿತು. ಗಾಳಿಮಳೆಗೆ ನೆನೆಯದ ಪೆಟ್ಟಿಗೆ ಬೇಕಲ್ಲ? ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳು ಅವಳ ಅಮ್ಮನ ಅಡುಗೆಮನೆಯಿಂದ ಬಂದವು.

"ಅಕ್ಕಿ ಡಬ್ಬಿ ಹೋಯ್ತು, ಸಕ್ಕರೆ ಡಬ್ಬಿ ಹೋಯ್ತು. ಇನ್ನು ಮಗಳು ಹೋಗೋದೊಂದೇ ಬಾಕಿ," ಎಂದಳು ಅಮ್ಮ. ಅವಳು ಕೇಳಿಸದವಳಂತೆ ಪಾತ್ರೆ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು.

ಒಂದೊಂದು ಉಪಕೇಂದ್ರಕ್ಕೆ ಒಂದೊಂದು ಡಬ್ಬಿ. ಅವಕ್ಕೆ ಹೆಸರಿಟ್ಟದ್ದು ಅವಳೇ. ನಿಧಾನವಾಗಿ ಉತ್ತರಿಸುವ ಮೊದಲನೆಯದು ಅಜ್ಜಿ. ಕೇಳದಿದ್ದರೂ ಒಂದೇ ಸಮನೆ ಅಂಕಿ ಕಳಿಸುವ ಎರಡನೆಯದು ಮಾವ. ಗುಡ್ಡದ ಆಚೆಗಿದ್ದು, ಏನು ಮಾಡಿದರೂ ಮುನಿಸಿಕೊಂಡು ಮಾತೇ ಆಡದ ಮೂರನೆಯದು ಅತ್ತೆ. ಹೆಸರು ಕೇಳಿ ಅವನು ಬಿದ್ದು ಬಿದ್ದು ನಕ್ಕಿದ್ದ.

ಅಜ್ಜಿ ಮಾತಾಡಿದ ದಿನ ಅವಳು ಕುಣಿದಾಡಿದಳು. ಮಾವ ಮಾತಾಡಿದ ದಿನ ಖುಷಿಯ ಹಿಂದೆಯೇ, ಉಳಿದದ್ದು ಒಂದೇ ಡಬ್ಬಿ ಎಂದು ಹೊಳೆಯಿತು. ಅತ್ತೆಯೂ ಮಾತಾಡಿಬಿಟ್ಟರೆ? ಕೆಲಸ ಮುಗಿಯುತ್ತದೆ. ಮುಗಿದರೆ ಇವನು ಹೊರಡುತ್ತಾನೆ.

ಕೆಲಸ ಆಗಲಿ ದೇವರೇ... ಆದರೆ ಇವತ್ತೇ ಬೇಡ.

ಹೀಗೆ ಬೇಡಿಕೊಂಡದ್ದಕ್ಕೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಹತ್ತಿ ಸುತ್ತುತ್ತಾ ಕಿಟಕಿಗೆ ಬರುವಳು, ಗುಡ್ಡ ನೋಡುವಳು, ಮತ್ತೆ ಒಳಗೆ ಓಡುವಳು.

ಇನ್ನೊಂದು ವಿಷಯವೂ ಅವಳನ್ನು ಕಾಡುತ್ತಿತ್ತು. ಊರೆಲ್ಲ ಅವಳನ್ನು ಕರೆಯುವುದು ಸಿಸ್ಟರ್ ಎಂದೇ. ಅವನು ಮಾತ್ರ ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡ ಮೇಲೆ ಒಮ್ಮೆಯೂ ಹಾಗೆ ಕರೆದಿರಲಿಲ್ಲ. "ಇಲ್ನೋಡಿ" ಎನ್ನುತ್ತಿದ್ದ, "ಏನಂದ್ರೆ" ಎನ್ನುತ್ತಿದ್ದ. ಇದಕ್ಕೇನರ್ಥ... ಅಥವಾ ಅರ್ಥವೇ ಇಲ್ಲವೋ?

ಒಂದು ಮಧ್ಯಾಹ್ನ ಊಟಕ್ಕೆ ಕರೆದು ಅಮ್ಮ ಅವನ ಮನೆಯ ಸುದ್ದಿ ಕೆದಕಿದಳು. ಅಪ್ಪ ಅಮ್ಮ ಇಲ್ಲ, ಸಾಕಿದ್ದು ಸೋದರತ್ತೆ, ಆಕೆಗೊಬ್ಬ ಮಗಳಿದ್ದಾಳೆ, ಅವಳನ್ನೇ ಕಟ್ಟಿಕೋ ಎಂದು ಅತ್ತೆ ಬೆನ್ನು ಬಿದ್ದಿದ್ದಾರೆ ಎಂದು ಅವನು ನಗುತ್ತಲೇ ಹೇಳಿದ. ಅವಳು ಅರ್ಧ ಊಟಕ್ಕೇ ಎದ್ದು ಕೈ ತೊಳೆದಳು.

ಆ ವಾರದ ಕೊನೆಯಲ್ಲಿ, ಅವನಿಗೆಂದು ಟೀ ಹಿಡಿದು ಹೊರಟವಳಿಗೆ ಪಡಸಾಲೆಯ ತಿರುವಿನಲ್ಲಿ ಅವನ ಧ್ವನಿ ಕೇಳಿಸಿತು. ಗೆಳೆಯನೊಡನೆ ಫೋನಿನಲ್ಲಿದ್ದ.

"ಹೂಂ ಕಣೋ, ಅತ್ತೆ ಏನು ಮಾಡಿದ್ರೂ ಬಗ್ಗಿರಲಿಲ್ಲ. ಅತ್ತೆ ಮಗಳು ಬಂದ್ಲು ನೋಡು, ಇನ್ನು ಎಲ್ಲಾ ಸರಿಹೋಗುತ್ತೆ. ನಾಳೆ ಮುಗಿಸಿಬಿಟ್ಟು ಹೊರಡ್ತೀನಿ."

ಯಾವ ಅತ್ತೆ ಎಂದು ಒಂದು ಮಾತು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆದರಿದ ಕಣ್ಣಿಗೆ ಹಗ್ಗವೂ ಹಾವು. ಟೀ ಲೋಟ ಕಿಟಕಿಯ ಮೇಲೆ ಆರಿತು. ಅವಳು ಔಷಧದ ಕೋಣೆ ಸೇರಿ, ಜೋಡಿಸಿಟ್ಟಿದ್ದ ಬಾಟಲಿಗಳನ್ನೆಲ್ಲ ಕೆಳಗಿಳಿಸಿ ಮತ್ತೆ ಜೋಡಿಸತೊಡಗಿದಳು.

ಸ್ವಲ್ಪ ಹೊತ್ತಿಗೆ ಅವನೇ ಬಂದ. ಮುಖದ ತುಂಬ ನಗು. ನಾಳೆ ಗುಡ್ಡದ ನೆತ್ತಿಗೆ ಬರಬೇಕು, ಒಂದು ತಮಾಷೆ ತೋರಿಸುತ್ತೇನೆ ಎಂದ.

"ನನಗೆ ಬೇಕಾದಷ್ಟು ಕೆಲಸ ಇದೆ. ನಿಮ್ಮದು ಮುಗೀತಲ್ಲ, ಹೊರಡಿ," ಎಂದಳು ತಲೆಯೆತ್ತದೆ.

ಅವನ ನಗು ಆರಿತು. ಬಾಗಿಲತ್ತ ತಿರುಗಿದ.

"ಸರಿ... ಸಿಸ್ಟರ್."

ಮರುದಿನ ಮಧ್ಯಾಹ್ನ ಡಾಕ್ಟರಮ್ಮ ಇಡೀ ಆಸ್ಪತ್ರೆಗೆ ಕೇಳುವಂತೆ ಅವಳನ್ನು ಕೂಗಿದರು. ಕಂಪ್ಯೂಟರಿನ ಪರದೆಯ ಮೇಲೆ ಅತ್ತೆಯ ಹೆಸರಿನ ಮುಂದೆ ಮೊದಲ ಬಾರಿಗೆ ಒಂದು ಅಂಕಿ... ಐದು. ಎರಡರಿಂದ ಎಂಟು ಡಿಗ್ರಿಯೊಳಗೆ ಎಲ್ಲಿದ್ದರೂ ಲಸಿಕೆ ಕ್ಷೇಮ.

"ಅದು ಸರಿ, ಇದ್ಯಾರೇ?" ಎಂದು ಡಾಕ್ಟರಮ್ಮ ಕೆಳಗಿನ ಸಾಲಿಗೆ ಬೆರಳಿಟ್ಟರು. "ಅತ್ತೆಯ ಮಗಳು ಅಂತೆ. ಅತ್ತೆ ಹೇಳಿದ್ದನ್ನ ಗುಡ್ಡದ ತುದಿಯಿಂದ ನಮಗೆ ಮುಟ್ಟಿಸೋಳು. ನಿನ್ನ ತಂತಿಗೆ ಹೆಸರಿಡೋದನ್ನ ನೀನೇ ಕಲಿಸಿದ್ದಾ?"

ಫೋನಿನಲ್ಲಿ ಅವನು ಹೇಳಿದ ಅತ್ತೆ ಮಗಳು ಹುಡುಗಿಯಲ್ಲ. ಡಬ್ಬಿ! ಅವನು ತೋರಿಸಬೇಕೆಂದಿದ್ದ ತಮಾಷೆ ಇದೇ...

ಅಷ್ಟರಲ್ಲಿ ಹೊರಗೆ ಗಾಳಿ ಎದ್ದು ಕಿಟಕಿಗಳು ಬಡಿದುಕೊಂಡವು. ಪರದೆಯ ಮೇಲೆ ಅತ್ತೆಯ ಮಗಳು ಆರಿಹೋದಳು. ಅವಳೊಡನೆ ಅತ್ತೆಯೂ. ಮರುದಿನವೇ ಅಧಿಕಾರಿಗಳು ಬರುವವರಿದ್ದರು. ಅವನಿಗೆ ಫೋನ್ ಮಾಡಿದರೆ ಹತ್ತಲಿಲ್ಲ. ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಹೋದದ್ದನ್ನು ಕಂಡವರಿದ್ದರು.

ಅವಳು ಚಪ್ಪಲಿ ಮೆಟ್ಟಿ ಗುಡ್ಡದ ಹಾದಿ ಹಿಡಿದಳು. ಗಾಳಿಗೆ ಕಂಬ ಬಿದ್ದಿರಬೇಕು. ಅದನ್ನು ಎತ್ತಿ ನಿಲ್ಲಿಸುವುದು ತನಗೆ ಗೊತ್ತೇ? ಗೊತ್ತಿಲ್ಲ. ನಿಲ್ಲಿಸಿದರೆ ಸಾಕೇ? ಅದೂ ಗೊತ್ತಿಲ್ಲ. ಅವನು ಯಾವ ಊರಿನ ಬಸ್ಸು ಹತ್ತಿದನೋ ಎಂಬುದಂತೂ ಮೊದಲೇ ಗೊತ್ತಿಲ್ಲ. ಕಾಲು ಮುಂದೆ ಹೋಗುತ್ತಿತ್ತು, ಮನಸ್ಸು ಬಸ್ಸಿನ ಹಿಂದೆ ಓಡುತ್ತಿತ್ತು.

ಗುಡ್ಡದ ನೆತ್ತಿಯಲ್ಲಿ, ವಾಲಿದ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ತಬ್ಬಿ ಅವನು ನಿಂತಿದ್ದ.

"ಬಸ್ಸಿಗೆ ಕಾಯ್ತಿದ್ದಾಗ ಗಾಳಿ ಎದ್ದಿತು," ಎಂದ, ಅವಳ ಮುಖ ನೋಡದೆ. "ಕಟ್ಟಿದ್ದು ಸಾಲಲ್ಲ ಅನ್ನಿಸ್ತು. ಬನ್ನಿ, ಇದನ್ನ ಹಿಡ್ಕೊಳ್ಳಿ. ಅಲ್ಲಾಡಬೇಡಿ."

ಅವಳು ಹಿಡಿದಳು. ಅವನು ತಂತಿಯನ್ನು ಬಂಡೆಗಳಿಗೆ ಬಿಗಿದು ಬಂದು, ಡಬ್ಬಿಯ ಮೇಲಿನ ಪುಟ್ಟ ದೀಪ ತೋರಿಸಿದ. ಕೆಳಗಿನಿಂದ "ಮುಟ್ಟಿತು" ಎಂಬ ಉತ್ತರ ಬಂದರೆ ಅದು ಹಸಿರಾಗಿ ಮಿನುಗುತ್ತದೆ, ಅಲ್ಲಿಯವರೆಗೆ ಕೈ ಬಿಡುವಂತಿಲ್ಲ ಎಂದ.

ಎಷ್ಟೋ ದಿನಗಳ ಮೇಲೆ ಅವಳು ಮೊದಲ ಬಾರಿಗೆ ಅಲುಗಾಡದೆ ನಿಂತಳು. ಕಣ್ಣೆದುರಿಗೇ ಡಬ್ಬಿ. ಅದರ ಮೇಲೆ ಅವನ ಸೊಟ್ಟ ಅಕ್ಷರ.

"ಫೋನಲ್ಲಿ ಹೇಳಿದ್ದು ಇವಳ ವಿಷಯಾನಾ?"

"ಮತ್ಯಾರದು?" ಎಂದವನು ತಟ್ಟನೆ ನಿಂತ. ನಿನ್ನೆಯ ಮುನಿಸಿನ ಮೂಲ ಈಗ ಅವನಿಗೆ ಹೊಳೆಯಿತು. "ನೀವು... ನಮ್ಮತ್ತೆ ಮಗಳು ಅಂದ್ಕೊಂಡ್ರಾ?"

ಅವಳಿಗೆ ಕಂಬ ಬಿಟ್ಟು ಮುಖ ಮುಚ್ಚಿಕೊಳ್ಳುವಂತೆಯೂ ಇರಲಿಲ್ಲ.

"ನಮ್ಮತ್ತೆಗೆ ಆಗಲೇ ಹೇಳಿಬಿಟ್ಟಿದ್ದೀನಿ, ಆಗಲ್ಲ ಅಂತ. ಯಾಕೆ ಅಂದ್ರು. ಊರೋರೆಲ್ಲ ಒಬ್ಬರನ್ನ ಸಿಸ್ಟರ್ ಅಂತಾರೆ, ನನ್ನ ಬಾಯಲ್ಲಿ ಮಾತ್ರ ಆ ಮಾತು ಹೊರಡಲ್ಲ ಅಂದೆ."

"ನಿನ್ನೆ ಅಂದ್ರಲ್ಲ..." ಎಂದಳು.

"ಅಂದೆ. ಅಂದಮೇಲೆ ಅನ್ನ ಸೇರಲಿಲ್ಲ."

ಗಾಳಿ ಅವಳ ಸೆರಗನ್ನು ಎಳೆದಾಡಿತು. ಅವಳು ಕಂಬವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಕೆಲಸ ಮುಗಿದ ಮೇಲೆ ಹೊರಡ್ತೀನಿ ಅಂದಿದ್ರಿ."

"ಈ ಕೆಲಸ ಮುಗಿಯುತ್ತಾ? ಇವತ್ತು ಕಂಬ ಬಿತ್ತು. ನಾಳೆ ಡಬ್ಬಿಗೆ ಇರುವೆ ಹತ್ತುತ್ತೆ. ನಾಡಿದ್ದು ಅತ್ತೆ ಮತ್ತೆ ಮುನಿಸ್ಕೋತಾಳೆ. ಯಾರಾದ್ರೂ ಇಲ್ಲೇ ಇರಬೇಕು."

"ಯಾರಾದ್ರೂ ಅಂದ್ರೆ?"

"ನಾನು." ಅವನು ಈಗ ನೇರ ಅವಳನ್ನೇ ನೋಡಿದ. "ನೀವು ಇರು ಅಂದ್ರೆ."

"ಇರಿ," ಎಂದಳು ಅವಳು. ಗಾಳಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದಳು. "ಇಲ್ಲೇ ಇರಿ."

ದೀಪ ಹಸಿರಾಗಿ ಮಿನುಗಿತು. ಕೆಳಗೆ ಡಾಕ್ಟರಮ್ಮನ ಪರದೆಯ ಮೇಲೆ ಐದು ಮತ್ತೆ ಮೂಡಿತು. ನಾಳೆ ಅಧಿಕಾರಿಗಳು ಬಂದರೂ ಬೆಟ್ಟದ ಫ್ರಿಜ್ಜುಗಳು ಇನ್ನು ಬೆಟ್ಟದಲ್ಲೇ.

"ಹಸಿರು ಬಂತು," ಎಂದ ಅವನು ಮೆಲ್ಲಗೆ. "ಇನ್ನು ಕೈ ಬಿಡಬಹುದು."

"ಗಾಳಿ ನಿಲ್ಲಲಿ."

"ಈ ಗುಡ್ಡದಲ್ಲಿ ಗಾಳಿ ನಿಲ್ಲೋದೇ ಇಲ್ಲ."

"ಹಾಗಾದ್ರೆ ನೀವೂ ಹಿಡ್ಕೊಳ್ಳಿ."