ಏಳರಲ್ಲಿ ಒಬ್ಬ

ಕಾರ್ಖಾನೆಯ ಬೀಗ ತೆಗೆದ ಕಾವಲುಗಾರ ಬಾಷಾಸಾಬ ಒಳಗೆ ಕಾಲಿಡಲಿಲ್ಲ. ಹೊಸ್ತಿಲ ಮೇಲೆಯೇ ನಿಂತು, "ಯಾ ಅಲ್ಲಾ" ಎಂದ.

ಹನ್ನೆರಡೂ ಮಗ್ಗಗಳ ಉದ್ದೆಳೆಗಳ ಹಾಸನ್ನು ಯಾರೋ ಕತ್ತರಿಸಿದ್ದರು. ಬಿಗಿಯಾಗಿ ಹರವಿಕೊಂಡಿರಬೇಕಾದ ನೂಲು, ನೇಕಾರರು ಕಾಲು ಇಳಿಬಿಟ್ಟು ಕೂರುವ ಕುಣಿಗಳೊಳಗೆ ಬಿಚ್ಚಿದ ಕೂದಲಿನಂತೆ ಜೋತುಬಿದ್ದಿತ್ತು. ಹಿಂದಿನ ದಿನ ಅಮಾವಾಸ್ಯೆ. ನೇಕಾರರು ಮಗ್ಗ ಮುಟ್ಟದ ದಿನ.

ಫೌಜದಾರ ಅಂದಾನೆಪ್ಪ ಬಂದಾಗ ಕಾರ್ಖಾನೆಯ ಒಡೆಯ ಲೋಟಲೀಕರ ಬಾಗಿಲಲ್ಲೇ ನಿಂತಿದ್ದ. ಮಡಗಾಂವಿನವನು. ಗೋವೆ ಇನ್ನೂ ಪೋರ್ತುಗೀಜರ ಕೈಯಲ್ಲಿದ್ದ ಕಾಲ ಅದು. ಕಾಗದದ ಪ್ರಕಾರ ಅವನು ಪರದೇಶದವನು. ಗಜೇಂದ್ರಗಡಕ್ಕೆ ಬಂದು ವರ್ಷವಾಗಿತ್ತು. ಕೋಟೆಯ ಗುಡ್ಡದ ಕೆಳಗೆ ಮಗ್ಗ ಹಾಕಿದ್ದ, ಒಬ್ಬನೇ ಇದ್ದ.

ಅಂದಾನೆಪ್ಪನೂ ಒಬ್ಬನೇ. ಹೆಂಡತಿ ತೀರಿಕೊಂಡ ಮೇಲೆ ತನ್ನೂರು ಶಿರೋಳದ ಮನೆಗೆ ಹೋಗುವುದನ್ನು ಬಿಟ್ಟಿದ್ದ. ಸಂಜೆ ಲೋಟಲೀಕರನ ಕೋಣೆಯಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದರು. ಮಾತು ಕಡಿಮೆ. ಅದಕ್ಕೇ ಆ ಗೆಳೆತನ ಬಾಳಿತ್ತು.

"ನಾನು ಒಳಗ ಹೋಗಿಲ್ಲ, ಸಾಹೇಬ. ನೀವು ಬರೋತನಕ ಯಾರನ್ನೂ ಬಿಟ್ಟಿಲ್ಲ" ಎಂದ ಲೋಟಲೀಕರ.

"ಖರೇರಿ" ಎಂದ ಬಾಷಾಸಾಬ.

"ಲುಕ್ಸಾನ ಭಾಳ ಆತೇನ್ರಿ?" ಎಂದು ಕೇಳಿದ ಅಂದಾನೆಪ್ಪ.

"ಎಂಟು ದಿನ ಮಗ್ಗ ಬಂದ್. ಆಮ್ಯಾಲ ನಡೀತಾವ. ನನಗ ನೂಲಿನ ಚಿಂತೆ ಇಲ್ಲ. ಹೊಳಿಯಪ್ಪನ್ನ ಹಿಡೀರಿ."

ಹೊಳಿಯಪ್ಪ ಸಂಘದ ಮುಂದಾಳು. ಹನ್ನೆರಡು ನೇಕಾರರಲ್ಲಿ ಏಳು ಮಂದಿ ಸೇರಿ ಸಂಘ ಕಟ್ಟಿ, ಸರ್ಕಾರದಲ್ಲಿ ನೋಂದಾಯಿಸಿದ್ದರು. ಕೂಲಿ ಹೆಚ್ಚಿಸದಿದ್ದರೆ ಮಗ್ಗ ನಿಲ್ಲುತ್ತವೆ ಎಂದು ಹೋದ ವಾರವಷ್ಟೇ ಅವನು ಕೂಗಾಡಿದ್ದ. ಅದನ್ನು ಊರೇ ಕೇಳಿತ್ತು.

ಪೊಲೀಸ ಹನಮಪ್ಪ ಕುಣಿಯೊಂದಕ್ಕೆ ಇಳಿದು ಕೈ ಎತ್ತಿದ. ಕೈಯಲ್ಲೊಂದು ನೂಲು ಕೊಯ್ಯುವ ಚಾಕು. ಕಟ್ಟಿಗೆಯ ಹಿಡಿಯ ಮೇಲೆ ಗುರುತಿನ ಗೀರುಗಳು.

"ಹೊಳಿಯಪ್ಪನ ಚಾಕುರಿ ಸಾಹೇಬ್ರ. ಕಳ್ಳ ಹೆಸರು ಬರದಿಟ್ಟು ಹೋಗ್ಯಾನ. ನಮಗ ಕೆಲಸನ ಉಳಿಲಿಲ್ಲ."

ಅಂದಾನೆಪ್ಪ ಮಗ್ಗದಿಂದ ಮಗ್ಗಕ್ಕೆ ಬಗ್ಗಿ ನೋಡುತ್ತ ಹೋದ. ಹಿಂಬಾಗಿಲ ಕಟ್ಟಿಗೆಯ ಅಗಳಿಯನ್ನು ಹೊರಗಿನಿಂದ ಕಡ್ಡಿ ಹಾಕಿ ಎತ್ತಬಹುದಿತ್ತು. ಯಾರು ಬೇಕಾದರೂ ಬರಬಹುದಿತ್ತು.

* * *

"ಈ ಚಾಕು ನಿಂದೇನು?" ಅಂದಾನೆಪ್ಪ ಕಾರ್ಖಾನೆಯ ಅಂಗಳದಲ್ಲೇ ಹೊಳಿಯಪ್ಪನನ್ನು ಕೇಳಿದ.

"ನಂದರಿ" ಎಂದ ಹೊಳಿಯಪ್ಪ. "ಹೋದ ವಾರ ಸಾವಕಾರ್ರು ಮಾತಿಗೆ ಕರದಿದ್ರು. ಸೊಂಟದಾಗ ಚಾಕು ಇಟಗೊಂಡು ಮಾತಾಡಬ್ಯಾಡ ಅಂದ್ರು. ಅವರ ಟೇಬಲ್ ಮ್ಯಾಲ ಇಟ್ಟೆ. ಸಿಟ್ಟಿನ್ಯಾಗ ಅಲ್ಲೇ ಬಿಟ್ಟು ಬಂದೆ."

"ಚಲೋ ಕಟ್ಟತಿ ಬಿಡಪಾ" ಎಂದ ಹನಮಪ್ಪ. "ನೇಯೂದು ಬಿಟ್ಟು ಬಯಲಾಟದಾಗ ಸೇರು."

"ಸುಳ್ಳು. ತಗೊಂಡೇ ಹೋದ" ಎಂದ ಲೋಟಲೀಕರ.

ಹೊಳಿಯಪ್ಪನ ಹೆಂಡತಿ ಕಳಕವ್ವ ಓಡಿಬಂದಳು. ಕಂಕುಳಲ್ಲಿ ಕೂಸು. "ಯಪ್ಪಾ, ಇವರು ರಾತ್ರಿ ಮನ್ಯಾಗ ಇದ್ರರಿ. ನನ್ನ ಕೂಸಿನ ಆಣಿ."

"ಹೇಂತಿ ಆಣಿ ಕೋರ್ಟಿನ್ಯಾಗ ನಡಿಯಂಗಿಲ್ಲವ್ವ" ಎಂದ ಹನಮಪ್ಪ. ಅವನಿಗೂ ಆ ಮಾತು ರುಚಿಸಲಿಲ್ಲ. ಮುಖ ಆಚೆ ತಿರುಗಿಸಿದ.

ಮಧ್ಯಾಹ್ನದ ಬಸ್ಸಿಗೆ ಆರೋಪಿಯನ್ನು ರೋಣಕ್ಕೆ ಕರೆದೊಯ್ಯಬೇಕು. ಅಲ್ಲಿಂದ ಕೋರ್ಟು, ಜೇಲು.

"ರೋಣಕ್ಕ ಹೋದಾವರು ಎಂದ ಬರ್ತಾರ್ರಿ?" ಎಂದು ಕೇಳಿದಳು ಕಳಕವ್ವ.

* * *

ಅಂದಾನೆಪ್ಪ ಮೊದಲು ಬಾಷಾಸಾಬನ ಮನೆಗೆ ಹೋದ. ಕಾವಲುಗಾರ ರಾತ್ರಿ ಕಾವಲಿನಲ್ಲಿರಲಿಲ್ಲ. ಹೆಂಡತಿ ಖಾತುನಬಿಗೆ ಜ್ವರ ಎಂದಿದ್ದ. ಜ್ವರ ನಿಜವಾಗಿತ್ತು. ಅವಳು ಕಂಬಳಿಯೊಳಗಿಂದ, "ಸಾವಕಾರ್ರ ತಾವಾಗೇ ಕಳಿಸಿದ್ರರಿ, ಅವರಿಗೆ ಪುಣ್ಯ ಬರಲಿ" ಎಂದಳು.

ಅಲ್ಲಿಂದ ಹೊಳಿಯಪ್ಪನ ಮನೆ. ಗೋಡೆಯಲ್ಲಿನ ದೇವರ ಮಾಡದಲ್ಲಿ ಲಾಳಿ ಇತ್ತು. ಅದರ ಪಕ್ಕ ಹೊಸದೊಂದು ಚಾಕು. ಎರಡಕ್ಕೂ ಕುಂಕುಮ.

ಅಮಾವಾಸ್ಯೆಗೆ ಮಗ್ಗಕ್ಕೆ ಮಾತ್ರವಲ್ಲ, ಉಪಕರಣಕ್ಕೂ ವಿಶ್ರಾಂತಿ. ಹಿಂದಿನ ಸಂಜೆಯೇ ಲಾಳಿ, ಚಾಕು ಮನೆಗೆ ಬರುತ್ತವೆ. ತೊಳೆದು, ಕುಂಕುಮ ಹಚ್ಚಿ, ದೇವರ ಮುಂದೆ ಇಡುತ್ತಾರೆ. ಅಮಾವಾಸ್ಯೆಯ ಮರುದಿನ ಬೆಳಗಿನ ಪೂಜೆಯಾಗದೆ ಅವು ಮಾಡ ಬಿಟ್ಟಿಳಿಯುವುದಿಲ್ಲ. ಅಂದಾನೆಪ್ಪ ಉಳಿದ ನೇಕಾರರ ಮನೆಗಳಲ್ಲೂ ಇಣುಕಿದ. ಎಲ್ಲ ಮಾಡಗಳೂ ತುಂಬಿದ್ದವು.

ಮಗ್ಗದ ಕುಣಿಯಲ್ಲಿ ಸಿಕ್ಕಿದ್ದ ಚಾಕುವನ್ನು ಜೇಬಿನಿಂದ ತೆಗೆದು ನೋಡಿದ. ಹಿಡಿಯ ಗೀರುಗಳಲ್ಲಿ ಧೂಳಿತ್ತು. ಕುಂಕುಮದ ಕಣವೂ ಇರಲಿಲ್ಲ.

ಅವನಿಗೆ ಒಮ್ಮೆಲೇ ದಣಿವಾಯಿತು. ಗೊತ್ತಾಗಿತ್ತು. ಗೊತ್ತಾಗದಿದ್ದರೆ ಚೆನ್ನಾಗಿತ್ತು.

* * *

ಲೋಟಲೀಕರ ತನ್ನ ಕೋಣೆಯಲ್ಲಿ ಎರಡು ಕಪ್ಪುಗಳಿಗೆ ಚಹಾ ಸುರಿದ. ಅಂದಾನೆಪ್ಪ ಕುಡಿಯಲಿಲ್ಲ.

"ಸಾವಕಾರ್ರ, ನೀವು ಒಳಗ ಹೋಗಿದ್ದಿಲ್ಲ. ಹೌದಲ್ರಿ?"

"ಹೌದು."

"ಹಂಗಾದ್ರ ಎಂಟು ದಿನದಾಗ ಮಗ್ಗ ನಡೀತಾವ ಅಂತ ಹ್ಯಾಂಗ ಹೇಳಿದ್ರಿ?"

ಲೋಟಲೀಕರ ಕಪ್ಪು ಕೆಳಗಿಟ್ಟ. ಅಂದಾನೆಪ್ಪನೇ ಮಾತು ಮುಂದುವರಿಸಿದ.

"ನಾನು ಇರೂದು ನೇಕಾರ ಸಿದ್ದವ್ವನ ಮನೀ ಮುಂದಿನ ಕ್ವಾಣ್ಯಾಗ. ಮಾತಾಡಾಕ ಯಾರೂ ಇಲ್ಲ. ಮುಂಜಾನೆ ಹೆಣ್ಮಕ್ಕಳು ನೂಲು ಕೂಡಸೂದು ನೋಡಕೋತ ಕುಂದರತೇನಿ. ಹೊಸಾ ಹಾಸಿನ ಎಳೀ ಹಳೇ ತುದಿಗೆ ಒಂದೊಂದ ಕಟ್ಟತಾರ. ಹಳೇ ತುದಿ ಎಳೀ ಹಾಯೂ ಅಚ್ಚಿನ್ಯಾಗ ಉಳದಿದ್ರ ಎಂಟು ದಿನದಾಗ ಕೆಲಸ ಆಕ್ಕತಿ. ಅಲ್ಲೇ ಕೊಯ್ದು ತುದಿ ಕಳಚಿದ್ರ, ಎಲ್ಲಾ ಮೊದಲಿಂದ ಪೋಣಸಬೇಕು. ತಿಂಗಳು ಹಿಡೀತದ. ಹನ್ನೆರಡೂ ಮಗ್ಗದಾಗ ಗೇಣುದ್ದ ತುದಿ ಬಿಟ್ಟ ಕೊಯ್ದಾರ. ಅದು ಬಗ್ಗಿ ನೋಡಿದಾವರಿಗೆ ಗೊತ್ತು. ಬಾಗಿಲದಾಗ ನಿಂತಾವರಿಗೆ ಕಾಣಂಗಿಲ್ಲ."

"ನೇಕಾರನೇ ಕೊಯ್ದಿರಬಹುದು. ತನ್ನ ಹೊಟ್ಟೆ ನೋಡಿಕೊಂಡು."

"ನೇಕಾರ ಅಮಾಸಿಗೆ ಚಾಕು ಮುಟ್ಟಂಗಿಲ್ರಿ. ಎಲ್ಲಾರ ಚಾಕೂ ಕುಂಕುಮ ಹಚಗೊಂಡು ದೇವರ ಮುಂದ ಕುಂತಾವ. ಹೊಳಿಯಪ್ಪನ ಹೊಸಾ ಚಾಕು ಸೈತ. ಈ ಹಳೇದಕ್ಕ ಮಾತ್ರ ಪೂಜಿ ಆಗಿಲ್ಲ. ಯಾಕಂದ್ರ ಇದು ನಿಮ್ಮ ಟೇಬಲ್ ಮ್ಯಾಲ ಇತ್ತು. ಬಾಷಾಸಾಬನ್ನ ಮನೀಗೆ ಕಳಿಸಿದಾವರೂ ನೀವ."

ಹೊರಗೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ ರೋಣ, ರೋಣ ಎಂದು ಕೂಗುತ್ತಿದ್ದರು.

"ಯಾಕ ಮಾಡಿದ್ರಿ ಅನ್ನೂದಷ್ಟ ತಿಳೀವಲ್ದಾಗಿತ್ತು. ನಮ್ಮೂರಾಗ ಯಾರರ ಆಗಿದ್ರ ಇಂಥಾ ಹುಚ್ಚು ಕೆಲಸ ಮಾಡತಿದ್ದಿಲ್ಲ. ಹೊಳಿಯಪ್ಪ ಹೋದ್ರ ಸಂಘ ಹೋಗಂಗಿಲ್ಲ ಅಂತ ಎಲ್ಲಾರಿಗೂ ಗೊತ್ತು. ಆಮ್ಯಾಲ ನೆಪ್ಪಾತು. ನೀವು ನನ್ನ ಕೇಳಿದ್ರಿ, ಸಂಘಕ್ಕ ಎಷ್ಟ ಮಂದಿ ಬೇಕು ಅಂತ."

"ಏಳು ಅಂದ್ರಿ" ಎಂದ ಲೋಟಲೀಕರ.

"ಹೌದು."

"ಏಳರಲ್ಲಿ ಒಬ್ಬ ಹೋದರೆ ಅಂತ ಕೇಳಿದೆ. ನೀವು ಸುಮ್ಮನಿದ್ರಿ. ಗುಡ್ಡದ ಕಡೆ ನೋಡ್ತಾ ಇದ್ರಿ." ಲೋಟಲೀಕರನ ದನಿ ಸಣ್ಣದಾಯಿತು. "ನಮ್ಮ ಗೋವೆಯಲ್ಲಿ ಸರ್ಕಾರ ಬೇಡ ಅಂದ್ರ ಸಂಘ ಇಲ್ಲ. ಹಿರಿಯನನ್ನ ಹಿಡಿದ್ರ ಮುಗೀತು. ನಿಮ್ಮ ಕಾಯ್ದೆ ನನಗೇನು ಗೊತ್ತು? ಏಳು ಬೇಕು, ಆರು ಉಳಿದ್ರ ಸಂಘ ಬಿತ್ತು ಅಂದುಕೊಂಡೆ. ನೀವು ಸುಮ್ಮನಿದ್ದದ್ದು ಹೌದು ಅಂತ ತಿಳಿದೆ."

"ಏಳು ಮಂದಿ ಬೇಕಾಗೂದು ಹುಟ್ಟಸಾಕ್ರಿ. ಸೂಲಗಿತ್ತಿ ಎದ್ದು ಹೋದ್ಲು ಅಂತ ಹುಟ್ಟಿದ ಕೂಸು ಸಾಯತದೇನು?"

"ಇದನ್ನ ಅಂದೇ ಹೇಳಬೇಕಾಗಿತ್ತು, ಸಾಹೇಬ."

ಅಂದಾನೆಪ್ಪ ಎದ್ದು ನಿಂತ. "ನಿಮ್ಮ ನೂಲು ನೀವು ಕೊಯ್ದುಕೊಂಡ್ರ ನಿಮ್ಮ ಲುಕ್ಸಾನ. ಸುಳ್ಳು ಪುರಾವೆ ಇಟ್ಟು ಒಬ್ಬನ್ನ ಜೇಲಿಗೆ ಕಳಸೂದು ಗುನ್ನೆ. ಬರ್ರಿ. ಬಸ್ ಹೊಂಟೈತಿ."

ಲೋಟಲೀಕರ ಮೇಜಿನ ಮೇಲಿನ ಕಪ್ಪುಗಳನ್ನು ನೋಡಿದ. ತನ್ನದನ್ನು ಮಾತ್ರ ತೊಳೆದಿಟ್ಟು ಹೊರಟ.

* * *

ಹನಮಪ್ಪ ಅವನನ್ನು ಬಸ್ಸಿನಲ್ಲಿ ಕರೆದೊಯ್ದ. ದಾರಿಯ ಧೂಳು ಕೂರುವವರೆಗೂ ಅಂದಾನೆಪ್ಪ ಅಲ್ಲೇ ನಿಂತಿದ್ದ.

ಸಂಜೆ ಕಾಲು ತಾನಾಗಿಯೇ ಕಾರ್ಖಾನೆಯ ಕಡೆ ನಡೆಯಿತು. ಒಡೆಯನ ಕೋಣೆಗೆ ಬೀಗ. ಮಗ್ಗಗಳ ಹತ್ತಿರ ಮಾತ್ರ ಕಳಕವ್ವ, ಸಿದ್ದವ್ವ ಕೂತು ಕಡಿದ ಎಳೆಗಳನ್ನು ಕೂಡಿಸುತ್ತಿದ್ದರು. ಕೂಲಿ ಯಾರು ಕೊಡುತ್ತಾರೋ ಗೊತ್ತಿರಲಿಲ್ಲ. ಹರಿದದ್ದನ್ನು ಹಾಗೇ ಬಿಡಲು ಅವರಿಗೆ ಬರುತ್ತಿರಲಿಲ್ಲ, ಅಷ್ಟೆ.

ಹೊಳಿಯಪ್ಪ ಎದ್ದು ಬಂದ. "ಸಾಹೇಬ್ರ, ಸಾವಕಾರ ಇಲ್ಲದ ಕಾರ್ಖಾನಿ ನಾವು ನಡಸಾಕ ಬರತದೇನ್ರಿ? ಕಾಯ್ದೆ ಏನಂತದ?"

ಅಂದಾನೆಪ್ಪನ ಕಣ್ಣು ಗುಡ್ಡದ ಕಡೆ ಹೊರಳಿತು. ಕೋಟೆಯ ಗೋಡೆ ಕಪ್ಪಾಗುತ್ತಿತ್ತು. ಎಂದಿನಂತೆ ಮೌನ ಒಳಗಿಂದ ಏರಿ ಬಂತು. ಅವನು ಅದನ್ನು ತಡೆದು ಹೊಳಿಯಪ್ಪನ ಮುಖ ನೋಡಿದ.

"ನನಗ ಗೊತ್ತಿಲ್ಲಪಾ" ಎಂದ. "ಗೊತ್ತಿಲ್ಲ ಅಂದ್ರ ಹೌದೂ ಅಲ್ಲ, ಇಲ್ಲಾನೂ ಅಲ್ಲ. ನಾಳೆ ರೋಣದಾಗ ವಕೀಲರನ್ನ ಕೇಳಿ ಬಂದು ಹೇಳತೇನಿ. ಅಲ್ಲೀತನಕ ಏನೂ ಮಾಡಬ್ಯಾಡ."