ಎಡ ಭುಜದ ಅಳತೆ

ಗುರುತು ಪರಿಚಯವಿಲ್ಲದವರ ಹತ್ತಿರ ಆಕೆ ಸಹಾಯ ಕೇಳಿದ್ದು ಅದೇ ಮೊದಲು. ಹತ್ತೇ ನಿಮಿಷಕ್ಕೆ ಉತ್ತರ ಬಂತು: "ಇದನ್ನು ಹಿಂದೆಯೇ ಕೇಳಿದ್ದಾರೆ. ಈ ಪ್ರಶ್ನೆಯನ್ನು ಮುಚ್ಚಲಾಗಿದೆ."

ಆಕೆ ಟೈಲರ್. ಬಟ್ಟೆಗೆ ಕತ್ತರಿ ಹಾಕುವ ಮೊದಲು ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸಿಕೊಡುವ ಒಂದು ಉಚಿತ ಸಾಫ್ಟ್‌ವೇರ್ ಬಳಸುತ್ತಿದ್ದಳು. ಎಲ್ಲೆಲ್ಲಿನವರೋ ಸೇರಿ ಬಿಡುವಿನಲ್ಲಿ ಬರೆದದ್ದು, ಯಾರು ಬೇಕಾದರೂ ತಿದ್ದಬಹುದಾದದ್ದು. ಒಂದೇ ಕೊರತೆ, ಮನುಷ್ಯರ ಎರಡೂ ಭುಜ ಸಮ ಎಂದೇ ಅದು ನಂಬಿತ್ತು. ಆಕೆಯ ಗಿರಾಕಿಗಳಲ್ಲಿ ಬೆನ್ನು ಬಾಗಿದವರಿದ್ದರು, ಒಂದು ತೋಳು ಸೋತವರಿದ್ದರು. ಎಡಕ್ಕೂ ಬಲಕ್ಕೂ ಬೇರೆ ಅಳತೆ ಕೊಡಲು ಬರುತ್ತದೆಯೇ ಎಂದು, ಅದನ್ನು ಬರೆದವರ ಬಳಗದ ಜಾಲತಾಣದಲ್ಲಿ ಮೂರು ಸಲ ಅಳಿಸಿ ಬರೆದು ಕೇಳಿದ್ದಳು.

ಹೋಗಲಿ ಬಿಡು ಎಂದಳು ಅತ್ತಿಗೆ. ಆಕೆ ಬಿಡಲಿಲ್ಲ. "ಬಾಗಿಲು ಮುಚ್ಚಿದ್ದಕ್ಕೆ ಬೇಜಾರಿಲ್ಲ. ಬಂದವರು ಯಾರು ಅಂತ ನೋಡಿ ಮುಚ್ಚಬಹುದಿತ್ತು" ಎಂದು ಆ ಉತ್ತರದ ಕೆಳಗೆ ಬರೆದು ಹೊಲಿಗೆಗೆ ಕೂತಳು.

ಮರುದಿನ ಪ್ರಶ್ನೆ ಮತ್ತೆ ತೆರೆದಿತ್ತು. ಮುಚ್ಚಿದವನೂ ತೆರೆದವನೂ ಒಬ್ಬನೇ. ಆ ಸಾಫ್ಟ್‌ವೇರ್ ಶುರುಮಾಡಿದವನು, ಬಳಗದವರ ಬಾಯಲ್ಲಿ 'ಮೌನಿ'. ಈ ಸಲ ಉದ್ದಕ್ಕೆ ಬರೆದಿದ್ದ. ತಪ್ಪಾಯಿತು ಎಂದಿದ್ದ. ಭುಜದ ಲೆಕ್ಕ ತನಗೆ ಬಾರದು, ಹೇಳಿಕೊಡುತ್ತೀರಾ ಎಂದು ಕೇಳಿದ್ದ.

ರಟ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಫೋಟೊ ತೆಗೆದು ಕಳಿಸಿದಳು. ಅವನು ಅವಳಿಗೆ ಕೋಡ್ ತಿದ್ದುವುದನ್ನು ಕಲಿಸಿದ. ನನ್ನದು ದಡ್ಡ ಪ್ರಶ್ನೆ ಎಂದು ಆಕೆ ಶುರುಮಾಡಿದಾಗಲೆಲ್ಲ, ಆ ಮೂರು ಪದ ಬಿಟ್ಟು ಕೇಳಿ ಎನ್ನುತ್ತಿದ್ದ. ಒಮ್ಮೆ ಆಕೆಯ ತಿದ್ದುಪಡಿಯಿಂದ ನಕ್ಷೆಯ ಎಲ್ಲ ಅಂಗಿಗಳಿಗೂ ಮೂರು ತೋಳು ಬಂದವು. ಆಕೆ ನಾಚಿ ನೀರಾದಳು. ತಾನು ಬರೆದ ಮೊದಲ ಅಂಗಿಗೆ ಕುತ್ತಿಗೆಯೇ ಇರಲಿಲ್ಲ ಎಂದು ಅವನು ಬರೆದ. ಆ ಸಾಲನ್ನು ಆಕೆ ಮತ್ತೆ ಮತ್ತೆ ಓದುತ್ತ ಕೂತಿರಲು ಒಲೆಯ ಮೇಲೆ ಹಾಲು ಉಕ್ಕಿತು.

ನಾಲ್ಕು ತಿಂಗಳಿಗೆ ಕೆಲಸ ಮುಗಿಯಿತು. ಬಳಗಕ್ಕೆ ಹೊಸದಾಗಿ ಬರುವವರಿಗಾಗಿ ಮೌನಿ ಒಂದು ಪುಟ ಬರೆದಿದ್ದ: ಕೇಳಿದವರನ್ನು ಮಾತಾಡಿಸದೆ ಯಾರ ಪ್ರಶ್ನೆಯನ್ನೂ ಮುಚ್ಚುವುದಿಲ್ಲ, ಇದನ್ನು ನಮಗೆ ಕಲಿಸಿದ್ದು ಒಬ್ಬ ಟೈಲರ್. ಜೊತೆಗೆ, ಭಾನುವಾರ ಅಂಗಡಿಗೆ ಬಂದು ಅಂಗಿ ಹೊಲಿಸಬಹುದೇ ಎಂದು ಆಕೆಗೆ ಬೇರೆ ಪತ್ರ.

ಬಂದ. ಎತ್ತರದವನು, ಮಾತು ಕಡಿಮೆ. ಟೇಪು ಹಿಡಿದು ಬೆನ್ನ ಹಿಂದೆ ನಿಂತಾಗ ಆಕೆಯ ಕೈ ತಡೆಯಿತು. ಅವನ ಎಡ ಭುಜ ಒಂದಿಂಚು ಕೆಳಗಿತ್ತು. ಅವನು ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ. ಆಕೆ ಕಣ್ಣೆತ್ತಿದ ಕೂಡಲೇ ನೋಟ ಇಳಿಸಿದ. ಅದು ಸಾಲದೆಂಬಂತೆ ಕನ್ನಡಕ ತೆಗೆದು ಒರೆಸತೊಡಗಿದ.

"ಚಿಕ್ಕಂದಿನಿಂದ ಹೀಗೇ," ಎಂದ. "ನಿಮಗಿಂತ ಮುಂಚೆ ಇಬ್ರು ಅದನ್ನೇ ಕೇಳಿದ್ರು. ಇಬ್ರದೂ ಮುಚ್ಚಿಬಿಟ್ಟೆ. ನನ್ನ ಭುಜದ ಬಗ್ಗೇನೇ ಆಡ್ಕೋತಿದಾರೆ ಅನ್ಸೋದು."

"ಮತ್ತೆ ನಂದ್ಯಾಕೆ ತೆರೆದ್ರಿ?"

"ನೀವು ಬೈದ್ರಲ್ಲ."

ಆಕೆ ನಕ್ಕುಬಿಟ್ಟಳು. ನಗುತ್ತಲೇ ಎಡಕ್ಕೊಂದು, ಬಲಕ್ಕೊಂದು ಅಳತೆ ಬರೆದುಕೊಂಡಳು. ಆ ಇಬ್ಬರಿಗೂ ಪತ್ರ ಬರೆದು ಕ್ಷಮೆ ಕೇಳಿದ್ದೇನೆ ಎಂದು ಹೋಗುವಾಗ ಹೇಳಿದ.

ಮುಂದಿನ ಭಾನುವಾರ ಅಂಗಿ ತೊಟ್ಟು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತ. ಎಲ್ಲೂ ಸುಕ್ಕಿರಲಿಲ್ಲ. ಇಷ್ಟು ವರ್ಷ ಎಡಗಡೆ ಎತ್ತಿ ಹಿಡಿದೇ ನಿಲ್ಲುತ್ತಿದ್ದೆ, ಇವತ್ತು ಸುಮ್ಮನೆ ನಿಂತಿದ್ದೇನೆ ಎಂದ. ಅವನ ಕಣ್ಣು ತುಂಬಿತ್ತು. ಹೇಗೆ ಥ್ಯಾಂಕ್ಸ್ ಹೇಳಲಿ ಎಂದು ತಡವರಿಸಿದ.

"ನಾನು ಹೇಳ್ಬೇಕು," ಎಂದಳು ಆಕೆ. "ನನ್ನ ಹತ್ರ ಹೊಲಿಸಿಕೊಂಡೋರು ತುಂಬಾ ಜನ. ಹೇಳಿಕೊಡಿ ಅಂತ ಕೇಳಿದೋರು ನೀವೊಬ್ರೇ."

ಅವನು ಹೊರಡಲಿಲ್ಲ. ಅಂಗಿಯ ತೋಳಿನ ಗುಂಡಿಯನ್ನು ಬಿಚ್ಚಿ, ಹಾಕಿ, ಮತ್ತೆ ಬಿಚ್ಚಿದ.

"ಮುಂದಿನ ವಾರನೂ ಬರ್ಲಾ? ಹೊಲಿಸೋಕೆ ಏನೂ ಇಲ್ಲ."

"ಹೊಲಿಸೋದಿದ್ರೆ ಅಂಗಡಿಗೆ ಬನ್ನಿ," ಎಂದಳು, ಬಿಚ್ಚಿದ ಗುಂಡಿಯನ್ನು ತಾನೇ ಹಾಕುತ್ತ. "ಏನೂ ಇಲ್ದಿದ್ರೆ ಮನೆಗೇ ಬನ್ನಿ."